ಕುಸಿದ ಡೆಕ್ಕಿಗೆ ಯಾರನ್ನು ಕರೆಯಬೇಕು: ಅನಾಪೊಲಿಸ್‌ನ ಒಬ್ಬ ಮರೈನ್ ಸರ್ವೇಯರ್ ಸೇವೆಯ ವಿಮರ್ಶೆ

ನನ್ನ ಹಾಯಿದೋಣಿಯ ಶೌಚದ ಕೋಣೆಯ ಬಾಗಿಲು ಕಳೆದ ಏಪ್ರಿಲ್‌ನಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿದಾಗ, ಮರ ಉಬ್ಬಿರಬೇಕೆಂದು ಭಾವಿಸಿ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಸರಿಪಡಿಸಿದೆ. ಜೂನ್ ಹೊತ್ತಿಗೆ ಅದು ಮತ್ತೆ ಕಚ್ಚಿತು. ಅಷ್ಟರಲ್ಲಿ ಡೆಕ್ಕು, ಅಂದರೆ ದೋಣಿಯ ಮೇಲ್ಮುಚ್ಚಿಗೆ, ತಗ್ಗಿ ಹಾಯಿಕಂಬದ ಬುಡದ ಸುತ್ತ ಮಳೆನೀರು ನಿಲ್ಲತೊಡಗಿತ್ತು. ಕಂಬವನ್ನು ಎರಡೂ ಪಕ್ಕದಿಂದ ಎಳೆದು ಹಿಡಿಯುವ ಉಕ್ಕಿನ ತಂತಿಗಳು ಎಷ್ಟು ಬಿಗಿದರೂ ಎರಡು ವಾರದಲ್ಲಿ ಸಡಿಲವಾಗುತ್ತಿದ್ದವು. ಇದು 1984ರ, 30 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅನಾಪೊಲಿಸ್‌ನಲ್ಲಿ ಇರಿಸಿದ್ದೇನೆ. ನಾನು ಇದರ ನಾಲ್ಕನೆಯ ಒಡೆಯ.

ಇಂಥ ಹಲವು ದೋಣಿಗಳಲ್ಲಿ, ನನ್ನದರಲ್ಲೂ, ಹಾಯಿಕಂಬ ತಳದವರೆಗೆ ಇಳಿಯದೆ ಡೆಕ್ಕಿನ ಮೇಲೆಯೇ ನಿಲ್ಲುತ್ತದೆ. ತಂತಿಗಳ ಬಿಗಿತದಿಂದ ಅದು ಟನ್‌ಗಟ್ಟಲೆ ಭಾರದೊಡನೆ ಕೆಳಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಡೆಕ್ಕಿನ ಕೆಳಗಿನ ಇನ್ನೊಂದು ಗಟ್ಟಿ ಕಂಬ ದೋಣಿಯ ತಳಕ್ಕೆ ಸಾಗಿಸುತ್ತದೆ. ಡೆಕ್ಕು ತಗ್ಗಿದರೆ ತಂತಿ ಸಡಿಲವಾಗುತ್ತದೆ, ಕೆಳಗಿನ ಬಾಗಿಲಿನ ಚೌಕಟ್ಟೂ ಒತ್ತಿಕೊಳ್ಳುತ್ತದೆ. ಹೀಗೆ ತಗ್ಗಿದೆ ಎಂದರೆ ಎರಡು ಸಾಧ್ಯತೆಗಳಿವೆ. ಡೆಕ್ಕಿನ ಎರಡು ಪದರಗಳ ನಡುವಿನ ಬಾಲ್ಸಾ ಮರವೋ ಪ್ಲೈವುಡ್ಡೋ ಸ್ಕ್ರೂ ತೂತುಗಳಿಂದ ಇಳಿದ ನೀರಿಗೆ ಕೊಳೆತು ಹಿಸುಕಿ ಹೋಗಿರಬಹುದು. ಇಲ್ಲವೇ ಒಳಗಿನ ಕಂಬದ ಬುಡಕ್ಕೆ, ಸದಾ ಒದ್ದೆಯಾಗಿರುವ ತಳಗುಂಡಿಯಲ್ಲಿ ಇಟ್ಟ ಮರದ ದಿಮ್ಮಿ ಕೊಳೆತು ಕಂಬವೇ ಇಳಿದಿರಬಹುದು. ಮೊದಲನೆಯದಾದರೆ ಡೆಕ್ಕನ್ನು ಬಿಚ್ಚಬೇಕು, ಎರಡನೆಯದಾದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ.

ಇದನ್ನೆಲ್ಲ ನಾನು ಆಮೇಲೆ ಕಲಿತದ್ದು. ಮೊದಲು ಕರೆದದ್ದು ಕಂಬ ಮತ್ತು ತಂತಿಗಳ ಕೆಲಸ ಮಾಡುವ ರಿಗ್ಗರ್ ಒಬ್ಬರನ್ನು. ಸಡಿಲವಾಗುತ್ತಿದ್ದುದು ತಂತಿಯಾದ್ದರಿಂದ ಅದು ಸಹಜವಾಗಿಯೇ ಇತ್ತು. ಅವರು ತಂತಿ ಹಳೆಯದಾಗಿದೆ, ಬದಲಿಸೋಣ ಎಂದರು. ಮಾತು ಸುಳ್ಳಲ್ಲ, ಆದರೆ ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಬಳಿಕ ಒಂದು ಬೋಟ್‌ಯಾರ್ಡಿನ ಮೇಲ್ವಿಚಾರಕರು ಬಂದು ಹತ್ತು ನಿಮಿಷ ನೋಡಿ, ಡೆಕ್ಕಿನ ಒಳಮರ ಪೂರ್ತಿ ಹೋಗಿದೆ ಎಂದು 9,000 ಡಾಲರಿನ ಅಂದಾಜುಪಟ್ಟಿ ಕಳಿಸಿದರು. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ದಿನವೂ ಡೆಕ್ಕು ಬಿಚ್ಚುವವರಿಗೆ ಪ್ರತಿ ತಗ್ಗೂ ಕೊಳೆತ ಡೆಕ್ಕಾಗಿಯೇ ಕಾಣುವುದು ಸ್ವಾಭಾವಿಕ. ಮೇಲಾಗಿ, ರೋಗ ಹೇಳುವವರಿಗೂ ಚಿಕಿತ್ಸೆಯಿಂದ ಗಳಿಸುವವರಿಗೂ ನಡುವೆ ಗೋಡೆಯೊಂದು ಇರಬೇಕೆಂದು ನನಗೆ ಅನ್ನಿಸಿತು.

ಆ ಗೋಡೆಯ ಹೆಸರು ಮರೈನ್ ಸರ್ವೇಯರ್. ನಮ್ಮೂರಿನಲ್ಲಿ ಸರ್ವೇಯರ್ ಎಂದರೆ ಸರಪಳಿ ಹಿಡಿದು ಜಮೀನು ಅಳೆಯಲು ಬರುವವರು. ಇಲ್ಲಿ ದೋಣಿಯ ಸ್ಥಿತಿಯನ್ನು ಪರೀಕ್ಷಿಸಿ ಬರೆದುಕೊಡುವವರು. ಅಮೆರಿಕದಲ್ಲಿ ವಿಹಾರದೋಣಿಗಳ ಈ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕಿಲ್ಲವಾದ್ದರಿಂದ ಯಾರು ಬೇಕಾದರೂ ಈ ಫಲಕ ತೂಗುಹಾಕಬಹುದು. ಆದ್ದರಿಂದಲೇ ಎಸ್‌ಎಎಂಎಸ್ ಅಥವಾ ಎನ್‌ಎಎಂಎಸ್ ಎಂಬ ವೃತ್ತಿಸಂಘಗಳ ಮಾನ್ಯತೆಯನ್ನು ನೋಡಬೇಕು. ಎಸ್‌ಎಎಂಎಸ್‌ನಲ್ಲಿ ಹೆಸರಿನ ಮುಂದೆ ಎಎಂಎಸ್ ಎಂದಿದ್ದರೆ ಪೂರ್ಣ ಮಾನ್ಯತೆ, ಎಸ್‌ಎ ಎಂದಿದ್ದರೆ ಇನ್ನೂ ಆ ದಾರಿಯಲ್ಲಿರುವವರು. ಅಷ್ಟೇ ಸಾಲದೆಂದು ನಾನು ಮೂವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಈ ಡೆಕ್ಕು ಯಾಕೆ ತಗ್ಗಿರಬಹುದು? ಇಬ್ಬರು ದರ ಹೇಳಿದರು. ಮೂರನೆಯವರು, ಬಾಗಿಲು ಮೇಲ್ಗಡೆ ಕಚ್ಚುತ್ತದೆಯೋ ಕೆಳಗಡೆಯೋ ಎಂದು ತಿರುಗಿ ಕೇಳಿದರು. ಅವರನ್ನೇ ಕರೆದೆ.

ಬಂದವರು ಸುಮಾರು ಮೂರು ಗಂಟೆ ಇದ್ದರು. ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ಕನ್ನು ಅಂಗುಲಂಗುಲ ಬಡಿಯುತ್ತ ಹೋದರು. ಗಟ್ಟಿ ಜಾಗ ಟಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. (ಮಲ್ಪೆಯಲ್ಲಿ ಮರದ ದೋಣಿಯ ಬಡಗಿಗಳು ಉಳಿಯ ಹಿಂಬದಿಯಿಂದ ಹಲಗೆ ತಟ್ಟಿ ಕಿವಿಗೊಡುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೆ, ವಿದ್ಯೆ ಅದೇ.) ತೇವಮಾಪಕವನ್ನೂ ಇಟ್ಟು ನೋಡಿದರು, ಆದರೆ ಉಪ್ಪು ಮತ್ತು ಅಡಿಯಲ್ಲಿರುವ ಲೋಹ ಆ ಯಂತ್ರವನ್ನು ದಾರಿ ತಪ್ಪಿಸುವುದರಿಂದ ಅದೊಂದನ್ನೇ ನಂಬಲಾಗದು ಎಂದು ತಾವಾಗಿಯೇ ಹೇಳಿದರು. ಡೆಕ್ಕಿನ ಸದ್ದು ಬಹುತೇಕ ಗಟ್ಟಿಯಾಗಿಯೇ ಇತ್ತು. ಬಳಿಕ ಡೆಕ್ಕಿನ ಮೇಲೆ ಅಡ್ಡಲಾಗಿ ನೇರಪಟ್ಟಿ ಇಟ್ಟು ತಗ್ಗನ್ನು ಅಳೆದರು, ಒಳಗಿನ ಕಂಬದ ಉದ್ದವನ್ನು ಅಳೆದರು, ಕೊನೆಗೆ ನೆಲಹಲಗೆ ಎತ್ತಿಸಿ ತಳಗುಂಡಿಯ ನೀರನ್ನು ಸ್ಪಂಜಿನಿಂದ ಹೀರಿಸಿ, ನನ್ನ ಅನುಮತಿ ಕೇಳಿ, ಕಂಬದಡಿಯ ದಿಮ್ಮಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ನೆನೆದ ರೊಟ್ಟಿಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು.

ನಾಲ್ಕು ವರ್ಷದ ಹಿಂದೆ ದೋಣಿ ಕೊಂಡಾಗ ಬೇರೊಬ್ಬರು ಮಾಡಿದ್ದ ಸರ್ವೆಯನ್ನು ಅಂದು ರಾತ್ರಿ ತೆಗೆದು ನೋಡಿದೆ. ‘ತಳಗುಂಡಿಯಲ್ಲಿ ನೀರಿದ್ದುದರಿಂದ ಪರಿಶೀಲಿಸಲಾಗಲಿಲ್ಲ’ ಎಂಬ ಸಾಲು ಹನ್ನೊಂದನೆಯ ಪುಟದಲ್ಲಿತ್ತು. ಆಗ ಓದಿದ್ದೆ, ನೀರು ಹೊರಹಾಕಿಸಿ ನೋಡಿ ಎಂದು ಕೇಳಬೇಕೆಂದು ಹೊಳೆದಿರಲಿಲ್ಲ.

ಈ ಸರ್ವೇಯರರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ತಮ್ಮ ಗಡಿಯನ್ನು ಅರಿತಿದ್ದ ರೀತಿ. ಕೀಲ್, ಅಂದರೆ ದೋಣಿ ಮಗುಚದಂತೆ ತಳದ ಕೆಳಗೆ ಬೋಲ್ಟು ಹಾಕಿ ಕೂರಿಸಿದ ಭಾರದ ರೆಕ್ಕೆ, ತಳಕ್ಕೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಚೆಸಪೀಕ್ ಕೊಲ್ಲಿಯ ಸರಾಸರಿ ಆಳ ಸುಮಾರು 21 ಅಡಿಯಷ್ಟೇ ಆದ್ದರಿಂದ ಇಲ್ಲಿ ನೆಲ ತಾಗಿಸದ ದೋಣಿಯಿಲ್ಲ. ಎಷ್ಟು ಸಲ, ಎಷ್ಟು ವೇಗದಲ್ಲಿ, ಕೆಸರಿಗೋ ಕಲ್ಲಿಗೋ ಎಂದು ವಿಚಾರಿಸಿ, ನೀರಿನಿಂದ ಎತ್ತಿದಾಗ ಕೀಲ್ ಬೋಲ್ಟುಗಳನ್ನೂ ಅವುಗಳ ಸುತ್ತಲಿನ ತಳದ ಚೌಕಟ್ಟನ್ನೂ ಪರೀಕ್ಷಿಸಬೇಕೆಂದು ಬರೆದರು. ಚೌಕಟ್ಟು ತಳದಿಂದ ಬಿಟ್ಟುಕೊಂಡಿರುವುದು ಕಂಡರೆ ಅದು ತಮ್ಮ ವಿಷಯವಲ್ಲ, ಭಾರ ಲೆಕ್ಕ ಹಾಕಬಲ್ಲ ನೌಕಾ ವಿನ್ಯಾಸಕಾರರದು ಎಂದೂ ಸೇರಿಸಿದರು. ಇದು ಅತಿಜಾಗ್ರತೆಯಲ್ಲ. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ಮಗುಚಿದ ‘ಚೀಕಿ ರಫೀಕಿ’ ಎಂಬ ಹಾಯಿದೋಣಿಯ ನಾಲ್ವರು ನಾವಿಕರು ತೀರಿಕೊಂಡರು, ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆಯ ವರದಿ ಹಿಂದೆ ನೆಲ ತಾಗಿದ್ದ ಘಟನೆಗಳನ್ನೂ, ಒಳಚೌಕಟ್ಟು ತಳದಿಂದ ಬಿಟ್ಟುಕೊಂಡಿರಬಹುದಾದ ಸಾಧ್ಯತೆಯನ್ನೂ ಚರ್ಚಿಸಿತ್ತು.

ದೂರುಗಳೂ ಇವೆ. ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಹದಿನಾರು ಪುಟಗಳಲ್ಲಿ ಕನಿಷ್ಠ ಆರು, ಜೀವರಕ್ಷಕ ಅಂಗಿ ಮತ್ತು ಅಗ್ನಿಶಾಮಕದ ಕುರಿತು ಎಲ್ಲ ದೋಣಿಗೂ ಅಚ್ಚುಹಾಕಿದ ಮಾತು. ರಿಪೇರಿಯ ವೆಚ್ಚವನ್ನು ಅಂದಾಜಿಸಲು ಅವರು ಒಪ್ಪಲಿಲ್ಲ. ಆ ನಿರಾಕರಣೆಗೆ ಕಾರಣ ಗೊತ್ತಿದ್ದರೂ ಆಗ ಕಿರಿಕಿರಿಯಾಯಿತು. ಶುಲ್ಕ 540 ಡಾಲರ್. ಇಡೀ ದೋಣಿಯ ಸರ್ವೆಗೆ ಅಡಿ ಲೆಕ್ಕದಲ್ಲಿ ಪಡೆಯುತ್ತಾರೆ, ನನ್ನದು ಒಂದೇ ದೋಷದ ಪರೀಕ್ಷೆಯಾದ್ದರಿಂದ ಗಂಟೆ ಲೆಕ್ಕ.

ವರದಿಯನ್ನು ಅದೇ ಯಾರ್ಡಿಗೆ ಒಯ್ದೆ. ಡೆಕ್ಕು ಬಿಚ್ಚುವ ಸಾಲು ಪಟ್ಟಿಯಿಂದ ಹೊರಟುಹೋಗಿ ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು. ತಂತಿಗಳನ್ನು ಸಡಿಲಿಸಿ, ಜ್ಯಾಕ್ ಕೊಟ್ಟು ಡೆಕ್ಕನ್ನು ದಿನಕ್ಕಿಷ್ಟೇ ಎಂದು ನಿಧಾನವಾಗಿ ಎತ್ತಿ, ಕೊಳೆತ ದಿಮ್ಮಿಯ ಜಾಗದಲ್ಲಿ ಗಟ್ಟಿ ಫೈಬರ್‌ಗ್ಲಾಸಿನ ಅಚ್ಚನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದರು, ಕೆಲಸ ಚೊಕ್ಕವಾಗಿತ್ತು. ತಂತಿಗಳು ಎರಡು ತಿಂಗಳಿಂದ ಬಿಗಿಯಾಗಿಯೇ ಇವೆ. ಬಾಗಿಲೂ ಸಲೀಸಾಗಿ ಮುಚ್ಚುತ್ತದೆ, ನಾನು ಏಪ್ರಿಲ್‌ನಲ್ಲಿ ಉಜ್ಜಿ ತೆಗೆದ ಅಂಚಿನಲ್ಲಿ ಮಾತ್ರ ಬೆಳಕು ಇಣುಕುವಷ್ಟು ಸಂದು ಉಳಿದಿದೆ.