ಸಕ್ಕರೆ ಇದ್ದು ಮುಟ್ಟು ನಿಂತವರಿಗೆ: ಶಿರಸಿಯ ಒಂದು ಕ್ಲಿನಿಕ್ ಬಗ್ಗೆ

ನನಗೆ 51. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ, ಮುಟ್ಟು ನಿಂತು ಎರಡು ವರ್ಷ. ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲಾ ಕಾದು, ನೈಟಿ ಹಿಂಡುವಷ್ಟು ಬೆವರು. ಸಕ್ಕರೆ ಇಳಿಯಿತು ಅಂದ್ಕೊಂಡು ಬೆಲ್ಲದ ಚೂರು ಬಾಯಿಗೆ ಹಾಕ್ಕೊಳ್ಳುತ್ತಿದ್ದೆ. ಒಂದು ದಿನ ಬೆಲ್ಲ ತಿನ್ನುವ ಮೊದಲು ಬೆರಳು ಚುಚ್ಚಿ ನೋಡಿದರೆ ಸಕ್ಕರೆ 180, ಇಳಿದೇ ಇರಲಿಲ್ಲ! ಊರ ಹತ್ತಿರ ಒಂದು ಕಡೆ ತೋರಿಸಿದಾಗ "ಈ ವಯಸ್ಸಲ್ಲಿ ಎಲ್ಲರಿಗೂ ಹೀಗೇ" ಅಂತ ಎರಡೇ ನಿಮಿಷದಲ್ಲಿ ಕಳಿಸಿದರು. ತುಂಬಾ ಬೇಜಾರಾಯಿತು.

ಕೊನೆಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ. ಸಣ್ಣ ಕ್ಲಿನಿಕ್, ಹೆಂಗಸರದ್ದೇ. ಡಾಕ್ಟರಮ್ಮ ಮೊದಲು ಚಪ್ಪಲಿ ಬಿಡಿಸಿ, ಪಾದದ ಮೇಲೆ, ಹಿಮ್ಮಡಿ ಗಂಟಿನ ಹಿಂದೆ ಎರಡು ಬೆರಳಿಟ್ಟು, ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ನಾಡಿ ಹುಡುಕಿದರು. ಇಷ್ಟು ವರ್ಷದಲ್ಲಿ ಯಾರೂ ನನ್ನ ಕಾಲು ಮುಟ್ಟಿ ನೋಡಿರಲಿಲ್ಲ.

ಮುಟ್ಟು ನಿಂತ ಮೇಲೆ ಕಡಿಮೆಯಾಗುವ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇರುವವರೆಗೆ ರಕ್ತನಾಳ ಚೆನ್ನಾಗಿ ಹಿಗ್ಗುತ್ತದಂತೆ, ಆದರೆ ಸಕ್ಕರೆ ನಾಳದ ಒಳಪದರವನ್ನೇ ಕೆಡಿಸುವುದರಿಂದ ನಮ್ಮಂಥವರಿಗೆ ಆ ರಕ್ಷಣೆ ಮುಟ್ಟು ನಿಲ್ಲುವ ಮೊದಲೇ ಕಡಿಮೆಯಾಗಿರುತ್ತದೆ. ಹಾಗಾದ್ರೆ ಹಾರ್ಮೋನ್ ತಗೊಂಡರೆ ನಾಳ ಸರಿಯಾಗುತ್ತಾ ಅಂತ ಕೇಳಿದೆ. "ಇಲ್ಲ, ಹೃದಯ ಕಾಪಾಡಲಿಕ್ಕೆ ಅಂತ ಇದನ್ನು ಕೊಡೋದಿಲ್ಲ, ಮುಟ್ಟು ನಿಂತ ಮೇಲೆ ಬರುವ ಈ ಕಾವು, ಬೆವರಿಗೆ ಕೊಡೋದು" ಅಂದರು ನೇರವಾಗಿ. ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನವನ್ನು 2002ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರಂತೆ, ಹಾರ್ಮೋನ್ ಮಾತ್ರೆ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಆದರೆ ಅವರ ಸರಾಸರಿ ವಯಸ್ಸು 63. ಅರುವತ್ತರ ಒಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಲೆಕ್ಕ ಬೇರೆ, ಅಪಾಯ ಕಡಿಮೆ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇಸಿಜಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಎಲ್ಲಾ ಆದ ಮೇಲೇ ಚೀಟಿ ಬರೆದರು. ಮಾತ್ರೆ ಅಲ್ಲ, ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್. ಮಾತ್ರೆ ಲಿವರ್ ಮೂಲಕ ಹೋಗಿ ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತದೆ, ಜೆಲ್‌ಗೆ ಆ ತೊಂದರೆ ಇಲ್ಲ ಅನ್ನುವಷ್ಟು ಕಡಿಮೆ. ಗರ್ಭಕೋಶ ಇರುವುದರಿಂದ, ಅದರ ಒಳಪದರ ಅತಿಯಾಗಿ ಬೆಳೆಯದಂತೆ ಕಾಯುವ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಜೊತೆಗೆ. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬಾರದು ಅಂತ ಮೂರು ಸಲ ಹೇಳಿದರು.

ಮೂರು ತಿಂಗಳಾಯಿತು, ರಾತ್ರಿ ನಿದ್ದೆ ಬರ್ತಿದೆ. ಕೊರತೆ ಅಂದರೆ ಕಾಯುವುದು: ಎರಡೂವರೆ ತಾಸು ಬೆಂಚಿನ ಮೇಲೆ ಕೂತಿದ್ದೆ. ಜೆಲ್ ನಮ್ಮ ಕಡೆ ಮೆಡಿಕಲ್‌ನಲ್ಲಿ ಇರಲಿಲ್ಲ, ತರಿಸಲು ನಾಲ್ಕು ದಿನ ಬೇಕಾಯಿತು. ಹೋಗುವವರು ಹಳೇ ರಿಪೋರ್ಟ್ ಎಲ್ಲಾ ಹಿಡ್ಕೊಂಡು ಬೆಳಿಗ್ಗೆ ಬೇಗ ಹೋಗಿ ಟೋಕನ್ ತಗೊಳ್ಳಿ, ಕತ್ತಲಾಗುವ ಮೊದಲು ಘಟ್ಟ ಇಳಿಯಬಹುದು.