ಮಿನಿ-ಕಾಗ್ ಮರೆವು ಪರೀಕ್ಷೆ: ನಮ್ಮ ಅವ್ವನಿಗೆ ಮಾಡಿಸಿದಾಗ

ಅವ್ವನಿಗೆ 72 ವರ್ಷ. ತಿಕೋಟಾ ಕಡೆಯವಳು, ಶಾಲೆಗೆ ಹೋದವಳಲ್ಲ. ದೀಪಾವಳಿ ಆದಾಗಿನಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಳು. ವಿಜಯಪುರದ ಒಂದು ತಪಾಸಣೆ ಶಿಬಿರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಾಡಿದ್ದು ಮಿನಿ-ಕಾಗ್.

ಮೂರೇ ನಿಮಿಷದ ಕೆಲಸ. ಮೂರು ಪದ ಹೇಳುತ್ತಾರೆ. ಆಮೇಲೆ ಗಡಿಯಾರ ಬಿಡಿಸಿ, 11 ಗಂಟೆ 10 ನಿಮಿಷಕ್ಕೆ ಮುಳ್ಳು ಹಾಕಿ ಅಂತಾರೆ. ಕೊನೆಗೆ ಆ ಮೂರು ಪದ ಕೇಳುತ್ತಾರೆ. ಪದಕ್ಕೆ ಒಂದೊಂದು ಅಂಕ. ಗಡಿಯಾರ ಸರಿ ಇದ್ದರೆ 2, ತಪ್ಪಿದರೆ ಸೊನ್ನೆ. ಒಟ್ಟು 5ರಲ್ಲಿ 3ಕ್ಕಿಂತ ಕಡಿಮೆ ಬಂದರೆ ಮುಂದೆ ತೋರಿಸಬೇಕು.

ಅವ್ವ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಳು. "ನನಗ ಬರೂದಿಲ್ಲ ತಂಗಿ, ಬೇಕಾರ ಹೆಬ್ಬೆಟ್ಟ ಒತ್ತತೀನಿ" ಅಂದಳು. ಒತ್ತಾಯ ಮಾಡಿದ ಮೇಲೆ ಸೊಟ್ಟಗೆ ಒಂದು ಗುಂಡು ಬಿಡಿಸಿ ಕೈಬಿಟ್ಟಳು. ಬಾಳೆಹಣ್ಣು, ಕುರ್ಚಿ ನೆನಪಿತ್ತು. ಮೂರನೆಯದು ಹೋಯಿತು. ಅಂದರೆ 2. ಗಡಿಯಾರವೊಂದು ಬಂದಿದ್ದರೆ 4 ಆಗುತ್ತಿತ್ತು, ಅಲ್ವಾ? "ನಿಮ್ಮ ತಾಯಿಗೆ ಡಿಮೆನ್ಷಿಯಾ" ಅಂತ, ಅಂದರೆ ಮರೆವಿನ ರೋಗ ಅಂತ, ಶಿಬಿರದವರು ಅವಳೆದುರೇ ಹೇಳಿಬಿಟ್ಟರು. ಈ ಪರೀಕ್ಷೆ ಒಂದರಿಂದಲೇ ರೋಗ ಇದೆ ಅಂತ ಯಾರೂ ಹೇಳಬಾರದು. ಬಸ್ಸಿನಲ್ಲಿ ಊರು ಬರುವ ತನಕ ಅವ್ವ ಒಂದು ಮಾತೂ ಆಡಲಿಲ್ಲ.

ಮುಂದಿನ ವಾರ ನರರೋಗದ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕಿವಿ ನೋಡಿದರು. ಎರಡರಲ್ಲೂ ಗುಗ್ಗೆ ತುಂಬಿತ್ತು! ತೆಗೆಸಿದ ಮೇಲೆಯೇ ಮಾತಿಗೆ ಕೂತರು. ತಾರೀಕು ಕೇಳಲಿಲ್ಲ, ಅಮಾವಾಸ್ಯೆ ಯಾವಾಗ ಆಯಿತು ಅಂದರು. "ಹೊಲದಾಗ ಚರಗ ಚೆಲ್ಲಿ ಎಂಟ ದಿನಾ ಆತಲ್ರೀ" ಅಂದಳು ಅವ್ವ. ಚರಗ ಚೆಲ್ಲುವುದು ಎಳ್ಳ ಅಮಾವಾಸ್ಯೆಗೆ, ಅದು ಆಗಿ ಸರಿಯಾಗಿ ಎಂಟು ದಿನ.

ಆಮೇಲೆ ನನ್ನನ್ನು ಬೇರೆ ಕೂರಿಸಿ ಎಂಟು ಪ್ರಶ್ನೆ ಕೇಳಿದರು. ಇದರ ಹೆಸರು ಎಡಿ8. ದುಡ್ಡಿನ ವ್ಯವಹಾರ ಕಷ್ಟ ಆಗಿದೆಯಾ, ಹೇಳಿದ್ದನ್ನೇ ಹೇಳುತ್ತಾಳಾ, ಇಂಥವು. ಮೊದಲಿಗಿಂತ ಬದಲಾಗಿದ್ದಾಳಾ ಅನ್ನೋದನ್ನು ಮಾತ್ರ ನೋಡುತ್ತಾರೆ. ಅವ್ವ ಪೆನ್ಸಿಲ್ ಹಿಡಿಯುವ ಮಾತೇ ಇಲ್ಲ. ಎರಡು ಅಥವಾ ಜಾಸ್ತಿ 'ಹೌದು' ಬಂದರೆ ಎಚ್ಚರ. ನಾನು ಒಂದಕ್ಕೆ ಹೌದು ಅಂದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು, ವಿಟಮಿನ್ ಬಿ12 ಕಡಿಮೆ ಇತ್ತು. ಅದು ಕಡಿಮೆಯಾದರೂ ಮರೆವು ಬರುತ್ತದಂತೆ.

ಶಾಲೆ ಕಲಿತವರಿಗೆ ಮಿನಿ-ಕಾಗ್ ಒಳ್ಳೆಯದೇ, ಬೇಗ ಮುಗಿಯುತ್ತದೆ. ನಮ್ಮ ಅವ್ವನಂಥವರಿಗೆ ನಾನು ಬೇಡ ಅಂತೀನಿ. ಹರಿಯಾಣದ ಬಲ್ಲಭ್‌ಗಢದಲ್ಲಿ ಓದು ಬಾರದ ಹಿರಿಯರಿಗಾಗಿಯೇ 1990ರ ದಶಕದಲ್ಲೇ ಹಿಂದಿಯಲ್ಲಿ ಇಂಥ ಪರೀಕ್ಷೆ ತಯಾರು ಮಾಡಿದ್ದಾರೆ. ನಮ್ಮ ಶಿಬಿರಗಳೂ ಹಾಗೇ ಕೇಳಲಿ. ಕರೆದುಕೊಂಡು ಹೋಗುವವರು ಮೊದಲೇ ಹೇಳಿಬಿಡಿ: ಇವರು ಬರೆಯಲ್ಲ, ಕಿವಿ ಸ್ವಲ್ಪ ಮಂದ.

ಅವ್ವನಿಗೆ ಬಿ12 ಇಂಜೆಕ್ಷನ್ ನಡೆಯುತ್ತಿದೆ. ಆರು ತಿಂಗಳಿಗೆ ಮತ್ತೆ ತೋರಿಸಬೇಕು.