ಎಲ್-ಪ್ರೋಲಿನ್, 25 ಗ್ರಾಂ: ಬಾಟಲಿ ಅಗ್ಗ, ಅಳತೆ ದುಬಾರಿ

ಮೊದಲು ತೀರ್ಪು ಹೇಳಿಬಿಡುತ್ತೇನೆ. ಅಸಿಮೆಟ್ರಿಕ್ ಕೆಟಾಲಿಸಿಸ್ (ಒಂದು ಅಣುವಿನ ಎಡ, ಬಲ ರೂಪಗಳಲ್ಲಿ ಒಂದನ್ನೇ ಹೆಚ್ಚಾಗಿ ಮಾಡಿಸುವುದು) ಅನ್ನೋದನ್ನು ಬೋರ್ಡ್ ಮೇಲೆ ಮಾತ್ರ ಅಲ್ಲ, ಬೆಂಚ್ ಮೇಲೂ ತೋರಿಸಬೇಕು ಅಂತಿರುವ ಕಾಲೇಜು ಮೇಷ್ಟ್ರುಗಳಿಗೆ ಈ ಬಾಟಲಿಗಿಂತ ಒಳ್ಳೆಯ ಖರೀದಿ ಇಲ್ಲ. ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದು ಅಂಕ ಬಾಟಲಿಯ ತಪ್ಪಿಗಲ್ಲ, ಅದನ್ನು ಮುಂದೆ ಹೇಳುತ್ತೇನೆ.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಎಂ.ಎಸ್ಸಿ ಮಕ್ಕಳಿಗೆ ಪ್ರಾಜೆಕ್ಟ್ ಮಾಡಿಸುತ್ತೇನೆ. ನಮ್ಮಲ್ಲಿ ಗಾಳಿ, ತೇವ ತಾಗದಂತೆ ಕೆಲಸ ಮಾಡುವ ಗ್ಲೋವ್ ಬಾಕ್ಸ್ ಇಲ್ಲ. ನೈಟ್ರೋಜನ್ ಸಿಲಿಂಡರ್ ಇದೆ, ಅದರ ರೆಗ್ಯುಲೇಟರ್ ರಿಪೇರಿಗೆ ಹೋಗಿದೆ. ಲೋಹ ಬಳಸಿ ಇಂಥ ಕೆಟಾಲಿಸಿಸ್ ಮಾಡಿದ ನೋಲ್ಸ್, ನೊಯೋರಿ, ಶಾರ್ಪ್‌ಲೆಸ್ ಮೂವರಿಗೆ 2001ರಲ್ಲಿ ನೊಬೆಲ್ ಬಂತು ಅಂತ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೆ ರೋಡಿಯಂ, ರುಥೇನಿಯಂ ಹಾಕಿ ಹೈಡ್ರೋಜನೇಷನ್ ಮಾಡುವುದು ನಮ್ಮ ಲ್ಯಾಬಿನ ಮಾತಲ್ಲ. ಶಾರ್ಪ್‌ಲೆಸ್ ಎಪಾಕ್ಸಿಡೇಷನ್ ಮಾಡೋಣ ಅಂದರೆ ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೆ ಒಂದು ಹನಿ ನೀರು ತಾಗಿದರೂ ಆಗದು. ಪ್ರೋಲಿನ್‌ಗೆ ಈ ಯಾವ ರಗಳೆಯೂ ಇಲ್ಲ. ಗಾಳಿ ಇರಲಿ, ಸ್ವಲ್ಪ ತೇವ ಇರಲಿ, ರೂಮಿನ ಬಿಸಿಯಲ್ಲೇ ಕೆಲಸ ಮಾಡುತ್ತದೆ. ಕರೆಂಟ್ ಹೋದರೆ ಸ್ಟಿರ್ರರ್ ನಿಲ್ಲುತ್ತದೆ, ಅಷ್ಟೇ.

ಮಾಡುವ ಕೆಲಸ ಏನು ಅಂತ ಕೇಳಿದರೆ, ಹಳೇ ಆಲ್ಡಾಲ್ ರಿಯಾಕ್ಷನ್. ಅಸಿಟೋನ್ ಮತ್ತು ಪ್ಯಾರಾ-ನೈಟ್ರೋಬೆಂಜಾಲ್ಡಿಹೈಡ್ ಸೇರಿಸುವುದು. ಸುಮ್ನೆ ಕ್ಷಾರ ಹಾಕಿದರೆ ಎಡ ರೂಪ, ಬಲ ರೂಪ ಎರಡೂ ಸಮಸಮ ಬರುತ್ತವೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಎಲ್ಲ ಒಂದೇ ಮೂಟೆಗೆ ತುಂಬಿದ ಹಾಗೆ. ಪ್ರೋಲಿನ್ ಹಾಕಿದರೆ ಅದರ ಸಾರಜನಕ ಅಸಿಟೋನನ್ನು ಹಿಡಿದು, ಒಂದು ನೀರಿನ ಅಣು ಬಿಟ್ಟು, ಎನಮೈನ್ ಎಂಬ ನಡುವಿನ ಅಣು ಆಗುತ್ತದೆ. ಪಕ್ಕದಲ್ಲೇ ಇರುವ ಆಮ್ಲದ ಹೈಡ್ರೋಜನ್ ಆಲ್ಡಿಹೈಡಿನ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಆಲ್ಡಿಹೈಡ್ ಹೆಚ್ಚಾಗಿ ಒಂದೇ ಮುಖ ತೋರಿಸಿ ಒಳಗೆ ಬರುತ್ತದೆ. ಬಂಧ ಕೂಡಿದ ಮೇಲೆ ನೀರು ಬಂದು ಪ್ರೋಲಿನನ್ನು ಬಿಡಿಸುತ್ತದೆ, ಅದು ಮುಂದಿನ ಸುತ್ತಿಗೆ ತಯಾರು. ಲೋಹದ ಹೆಸರೇ ಇಲ್ಲ. ನಮ್ಮ ಮೈಯ ಪ್ರೋಟೀನಿನಲ್ಲೇ ಇರುವ ಅಮೈನೋ ಆಮ್ಲ ಇಷ್ಟೆಲ್ಲ ಮಾಡುತ್ತದೆ ಅಂದಾಗ ಮಕ್ಕಳ ಮುಖ ನೋಡಬೇಕು.

ಈ ರಿಯಾಕ್ಷನ್ ಬೆನ್ಯಾಮಿನ್ ಲಿಸ್ಟ್, ಲರ್ನರ್, ಬಾರ್ಬಸ್ ಮೂವರು 2000ದಲ್ಲಿ ಪ್ರಕಟಿಸಿದ್ದು. ಅದೇ ವರ್ಷ ಮ್ಯಾಕ್‌ಮಿಲನ್ ಬೇರೊಂದು ಸಣ್ಣ ಅಣುವಿನಿಂದ ಡೀಲ್ಸ್-ಆಲ್ಡರ್ ಎಂಬ ಇನ್ನೊಂದು ರಿಯಾಕ್ಷನ್ ಮಾಡಿ ತೋರಿಸಿದರು. 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್‌ಗೆ ಇದಕ್ಕೇ ನೊಬೆಲ್ ಬಂತು. ಆದರೆ 1970ರ ದಶಕದಲ್ಲೇ ಔಷಧಿ ಕಂಪನಿಗಳಲ್ಲಿದ್ದ ಹಾಯೋಶ್ ಮತ್ತು ಪ್ಯಾರಿಶ್, ಅವರಂತೆಯೇ ಇನ್ನೊಂದು ಜರ್ಮನ್ ತಂಡ, ಸ್ಟೆರಾಯ್ಡ್ ಮಾಡುವ ದಾರಿಯಲ್ಲಿ ಇದೇ ಪ್ರೋಲಿನ್ ಬಳಸಿದ್ದರು. ಸುಮಾರು ಮೂವತ್ತು ವರ್ಷ ಅದರ ಬೆಲೆ ಯಾರಿಗೂ ಸರಿಯಾಗಿ ಹೊಳೆಯಲಿಲ್ಲ, ವಿಚಿತ್ರ ಅಲ್ವಾ?

ಈಗ ಬಾಟಲಿಗೆ ಬರೋಣ. ನಮಗೆ ಬೆಂಗಳೂರಿನ ಡೀಲರ್ ಕಡೆಯಿಂದ ಬಂತು. ಮೂರು ಕೊಟೇಶನ್, ಆಫೀಸಿನ ಸಹಿ, ಮಾಮೂಲಿ ಕಥೆ. ಬೆಲೆ ಸಾವಿರದ ಒಳಗೇ ಇತ್ತು. ಡಬ್ಬಾ ಬಿಚ್ಚಿದ ನಮ್ಮ ಅಟೆಂಡರ್ "ಇಷ್ಟು ಪುಟ್ಟ ಬಾಟ್ಲಿಗೆ ಅಷ್ಟು ದೊಡ್ಡ ಡಬ್ಬ ಯಾಕ್ ಮೇಡಂ?" ಅಂದರು. ನ್ಯಾಯವಾದ ಪ್ರಶ್ನೆ. ಒಳಗೆ ಬಿಳೀ ಪುಡಿ. ಆದರೆ ಒಳಮುಚ್ಚಳ ಸಡಿಲವಾಗಿತ್ತು. ಪ್ರೋಲಿನ್ ಗಾಳಿಯ ತೇವ ಕುಡಿಯುತ್ತದೆ, ಸಡಿಲ ಮುಚ್ಚಳ ಇದ್ದರೆ ಮಳೆಗಾಲದಲ್ಲಿ ಗಂಟು ಕಟ್ಟುತ್ತದೆ. ತೂಕವೂ ತಪ್ಪುತ್ತದೆ. ಬಂದ ದಿನವೇ ಡೆಸಿಕೇಟರ್ ಒಳಗೆ ಇಡಿ, ನೀಲಿ ಸಿಲಿಕಾ ಜೆಲ್ ಗುಲಾಬಿ ಆಗಿದ್ದರೆ ಮೊದಲು ಓವನ್‌ನಲ್ಲಿ ಒಣಗಿಸಿ.

ಲೇಬಲ್ ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಎಲ್ (ಒಂದೇ ರೂಪ) ಬದಲು ಡಿಎಲ್ (ಎರಡೂ ರೂಪ ಸಮಸಮ) ಕಳಿಸುವುದು ನಡೆಯುತ್ತದೆ, ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಸಕ್ಕರೆಯ ಇನ್ವರ್ಷನ್ ಪ್ರಾಕ್ಟಿಕಲ್‌ಗೆ ಬಳಸುವ ಹಳೇ ಪೋಲಾರಿಮೀಟರ್ (ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವುದು), ಸೋಡಿಯಂ ದೀಪ, ಇಷ್ಟು ಸಾಕು. 1.25 ಗ್ರಾಂ ಪುಡಿಯನ್ನು ನೀರಲ್ಲಿ ಕರಗಿಸಿ 25 ಮಿಲೀ ಮಾಡಿ, 20 ಸೆಂ.ಮೀ ಕೊಳವೆಗೆ ತುಂಬಿ. ಎಲ್-ಪ್ರೋಲಿನ್‌ನ ಸ್ಪೆಸಿಫಿಕ್ ರೊಟೇಷನ್ ಮೈನಸ್ 85ರ ಸುತ್ತ, ಅಂದರೆ ಎಂಟೂವರೆ ಡಿಗ್ರಿಯಷ್ಟು ಎಡಕ್ಕೆ ತಿರುಗಬೇಕು. ಡಿಎಲ್ ಆಗಿದ್ದರೆ ಸೊನ್ನೆ. ನಮ್ಮದು ಪಾಸಾಯಿತು. ಆ ದ್ರಾವಣ ಚೆಲ್ಲಬೇಡಿ, ನೀರು ಹೋಗಲಾಡಿಸಿದರೆ ಪುಡಿ ವಾಪಸ್ ಸಿಗುತ್ತದೆ.

ರಿಯಾಕ್ಷನ್‌ಗೆ ನಾಲ್ಕು ಪಾಲು ಡಿಎಂಎಸ್‌ಒ ಎಂಬ ದ್ರಾವಕ, ಒಂದು ಪಾಲು ಅಸಿಟೋನ್. ತುಮಕೂರಿನವರಿಗೆ ಒಂದು ಮಾತು. ಡಿಎಂಎಸ್‌ಒ 18.5 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ, ಧನುರ್ಮಾಸದ ಬೆಳಿಗ್ಗೆ ಬಾಟಲಿ ಕಲ್ಲಾಗಿ ಕೂತಿರುತ್ತದೆ. ಬಿಸಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಇಡಿ, ಗಾಬರಿ ಬೇಡ. ಒಂದು ಮಿಲಿಮೋಲ್ ಆಲ್ಡಿಹೈಡ್ ಅಂದರೆ 151 ಮಿಲಿಗ್ರಾಂ. ಅದಕ್ಕೆ ಶೇ. 30 ಮೋಲ್ ಲೆಕ್ಕದಲ್ಲಿ ಪ್ರೋಲಿನ್ ಸುಮಾರು 35 ಮಿಲಿಗ್ರಾಂ. ಈ ಲೆಕ್ಕದಲ್ಲಿ ಒಂದು ಬಾಟಲಿಯಲ್ಲಿ ಏಳುನೂರು ರಿಯಾಕ್ಷನ್ ಆಗುತ್ತವೆ, ಇಡೀ ವಿಭಾಗಕ್ಕೆ ಸಾಕು. ರಿಯಾಕ್ಷನ್ ಎಲ್ಲಿಗೆ ಬಂತು ಅಂತ ಟಿಎಲ್‌ಸಿ ತಟ್ಟೆಯಲ್ಲಿ ನೋಡುವುದೂ ಸುಲಭ, ನೈಟ್ರೋ ಗುಂಪಿರುವುದರಿಂದ ಯುವಿ ದೀಪದ ಕೆಳಗೆ ಚುಕ್ಕೆ ಚೆನ್ನಾಗಿ ಕಾಣುತ್ತದೆ. ಅಮೋನಿಯಂ ಕ್ಲೋರೈಡ್ ನೀರು ಹಾಕಿ, ಈಥೈಲ್ ಅಸಿಟೇಟ್‌ನಲ್ಲಿ ತೆಗೆದು, ಕಾಲಂ ಹಾಕಿದರೆ ಆಯಿತು.

ಶೇ. 30 ಅನ್ನೋದು ಜಾಸ್ತಿ ಅಲ್ವಾ ಅಂತ ಬೆಂಗಳೂರಿನ ಔಷಧಿ ಕಂಪನಿಗೆ ದಿನಾ ರೈಲಲ್ಲಿ ಹೋಗಿಬರುವ ನಮ್ಮ ಹಳೇ ವಿದ್ಯಾರ್ಥಿ ಕೇಳಿದ. ಜಾಸ್ತಿಯೇ. ಹಾಯೋಶ್ ಮತ್ತು ಪ್ಯಾರಿಶ್ ಶೇ. 3ರಲ್ಲಿ ಮುಗಿಸಿದ್ದರು, ಅಲ್ಲಿ ಕೂಡಬೇಕಾದ ಎರಡೂ ತುದಿ ಒಂದೇ ಅಣುವಿನಲ್ಲಿದ್ದವು. ಇಲ್ಲಿ ಆಲ್ಡಿಹೈಡ್ ಕೂಡ ಪ್ರೋಲಿನನ್ನು ಹಿಡಿದು ಆಕ್ಸಜೋಲಿಡಿನೋನ್ ಎಂಬ ಬೇರೆ ಅಣು ಆಗಿ ಕೂರುತ್ತದೆ, ಅಷ್ಟು ಪ್ರೋಲಿನ್ ಕೆಲಸಕ್ಕೆ ಬಾರದು. ಬೆಲೆ ಇಷ್ಟು ಕಡಿಮೆ ಇರುವಾಗ ನನಗೆ ಅದು ತಲೆಬಿಸಿ ಅಲ್ಲ. ಟನ್ ಲೆಕ್ಕದಲ್ಲಿ ಮಾಡುವವರಿಗೆ ಬೇರೆ ಮಾತು.

ಡಿಎಂಎಸ್‌ಒ ವಾಸನೆ ಬೇಡ, ಹಸಿರು ಕೆಮಿಸ್ಟ್ರಿ ಮಾಡೋಣ ಅಂತ ನೀರಲ್ಲೇ ಮಾಡಲು ಹೊರಡುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬೇಡ. ಬರೀ ನೀರಲ್ಲಿ ಪ್ರೋಲಿನ್ ಆಲ್ಡಾಲ್ ಮಾಡಿಸುತ್ತದೆ, ಎಡ ಬಲ ಆರಿಸುವುದಿಲ್ಲ. ಆ ಹೈಡ್ರೋಜನ್ ಹಿಡಿತವನ್ನು ನೀರು ಕೆಡಿಸುತ್ತದೆ.

ಇನ್ನು ಆ ಒಂದು ಅಂಕ. ಲಿಸ್ಟ್ ತಂಡಕ್ಕೆ ಈ ಆಲ್ಡಿಹೈಡ್‌ನಲ್ಲಿ ಶೇ. 68 ಇಳುವರಿ, ಶೇ. 76 ಇಇ (ಒಂದು ರೂಪ ಇನ್ನೊಂದಕ್ಕಿಂತ ಎಷ್ಟು ಹೆಚ್ಚು ಅನ್ನುವ ಲೆಕ್ಕ) ಬಂದಿತ್ತು. ನೂರು ಅಣುವಿನಲ್ಲಿ 88 ಒಂದು ರೂಪ, 12 ಇನ್ನೊಂದು. ನಮಗೆ ಎಷ್ಟು ಬಂತು ಅಂತ ತಿಳಿಯುವುದು ಹೇಗೆ? ಪೋಲಾರಿಮೀಟರ್ ಇಲ್ಲಿ ಕೈಕೊಡುತ್ತದೆ. ಸಿಗುವುದು ನೂರೈವತ್ತು ಮಿಲಿಗ್ರಾಂ ಒಳಗೆ, ಅದನ್ನು ಆ ದೊಡ್ಡ ಕೊಳವೆಗೆ ಕರಗಿಸಿದರೆ ತಿರುಗಿತೋ ಇಲ್ಲವೋ ಅನ್ನೋದೇ ಅನುಮಾನ. ಎಡ, ಬಲ ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಂ ಇರುವ ಎಚ್‌ಪಿಎಲ್‌ಸಿ ಯಂತ್ರ ಬೇಕು. ಆ ಕಾಲಂ ಒಂದರ ಬೆಲೆಗೆ ನಮ್ಮ ವಿಭಾಗದ ಗಾಜಿನ ಸಾಮಾನೆಲ್ಲ ಬರುತ್ತದೆ. ಬೆಂಗಳೂರಿನ ಒಂದು ಪರೀಕ್ಷಾ ಲ್ಯಾಬಿಗೆ ಸ್ಯಾಂಪಲ್ ಕಳಿಸಿದೆವು. ಒಂದೊಂದು ಸ್ಯಾಂಪಲ್‌ಗೂ ಬಿಲ್, ವರದಿ ಬರುವ ಹೊತ್ತಿಗೆ ಮಕ್ಕಳ ವೈವಾ ಹತ್ತಿರ ಬಂದಿತ್ತು. ಇಇ ಎಪ್ಪತ್ತರ ಆಸುಪಾಸು ಬಂತು, ಖುಷಿಯಾಯಿತು. ಆದರೆ ಪ್ರೋಲಿನ್ ಬಿಲ್‌ಗಿಂತ ಅಳತೆಯ ಬಿಲ್ ಹಲವು ಪಟ್ಟು. ಇದನ್ನು ಕೊಳ್ಳುವವರು ಮೊದಲೇ ಬಜೆಟ್‌ನಲ್ಲಿ ಬರೆಸಿಕೊಳ್ಳಿ, ಆಮೇಲೆ ಯಾರೂ ಕೊಡುವುದಿಲ್ಲ.

ಜೊತೆಗೆ ಡಿಎಲ್-ಪ್ರೋಲಿನ್‌ನ ಚಿಕ್ಕ ಬಾಟಲಿಯನ್ನೂ ತರಿಸಿ. ಅದರಲ್ಲಿ ಮಾಡಿದ ಸಮಸಮ ಸ್ಯಾಂಪಲ್ ಜೊತೆಗಿಲ್ಲದೆ ಕಳಿಸಿದರೆ, ಯಾವ ಎರಡು ಪೀಕ್ ಎಡ ಬಲದ ಜೋಡಿ, ಯಾವುದು ಕಸ ಅಂತ ಆ ಲ್ಯಾಬಿನವರಿಗೂ ಹೇಳಲಾಗದು, ದುಡ್ಡು ಮಾತ್ರ ತಗೋತಾರೆ. ಡಿ-ಪ್ರೋಲಿನ್ ಬೇಡ, ಎಲ್‌ಗಿಂತ ಬಹಳ ದುಬಾರಿ, ಪ್ರಾಜೆಕ್ಟ್‌ಗೆ ಅದರ ಅಗತ್ಯ ಇಲ್ಲ. 100 ಗ್ರಾಂ ಪ್ಯಾಕ್ ಆಸೆಯನ್ನೂ ಬಿಡಿ. ಗ್ರಾಂ ಲೆಕ್ಕದಲ್ಲಿ ಅಗ್ಗ ಕಾಣುತ್ತದೆ, ಆದರೆ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಅರ್ಧ ಮುಗಿಯುವ ಮೊದಲೇ ಗಂಟಾಗುತ್ತದೆ.